ಗುರುತು ಯಾರ ಎಳೆಯದು: ಕುಟುಂಬದಲ್ಲಿ ಹರಿದುಬರುವ ಕಾಯಿಲೆಯನ್ನು ಮುಂಚಿತವಾಗಿ ತಿಳಿಯುವ ಬಗೆ

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದುದರಿಂದ ಜನ ಹೆದರಿ ಇಸಿಜಿ ಮಾಡಿಸಿಕೊಳ್ಳಲು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಬಾಗಿಲಿಗೂ ಆ ನೂಕುನುಗ್ಗಲು ಮುಟ್ಟಿತು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು; ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲವೆಂದು ಸಮಿತಿ ವರದಿ ಕೊಟ್ಟಿತು. ಗಾಬರಿ ನಿಧಾನವಾಗಿ ತಗ್ಗಿತು. ಆದರೆ ಆ ದಿನಗಳಲ್ಲಿ ಜಗಲಿಗಳಲ್ಲಿ, ಬಸ್ಸುಗಳಲ್ಲಿ ಕೇಳಿಬಂದ ಒಂದು ಪ್ರಶ್ನೆ ಹಾಗೆಯೇ ಉಳಿಯಿತು: "ನಮ್ಮಪ್ಪ ನಲವತ್ತೈದಕ್ಕೇ ಹೋದರು, ನನಗೂ ಹಾಗೇ ಆಗುತ್ತದೆಯೇ? ರಕ್ತ ಕೊಟ್ಟರೆ ಮೊದಲೇ ಗೊತ್ತಾಗುತ್ತದೆಯೇ?"

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕೆಲವು ಕಾಯಿಲೆಗಳಲ್ಲಿ, ಕುಟುಂಬದ ಸರಿಯಾದ ನಾಲ್ಕೈದು ಮಂದಿಯ ರಕ್ತ ಸಿಕ್ಕರೆ, ಮಗು ಹುಟ್ಟುವ ಮೊದಲೇ ಬಹುತೇಕ ಖಚಿತವಾಗಿ ಹೇಳಬಹುದು. ಇನ್ನು ಕೆಲವು ಕಾಯಿಲೆಗಳಲ್ಲಿ ಎಷ್ಟು ದುಬಾರಿ ಪರೀಕ್ಷೆ ಮಾಡಿಸಿದರೂ ಸಿಗುವುದು ಒಂದು ಅಂದಾಜು ಮಾತ್ರ. ಎರಡಕ್ಕೂ ಬಳಸುವುದು ವಂಶವಾಹಿ ಗುರುತುಗಳನ್ನೇ, ಅಂದರೆ ಜೆನೆಟಿಕ್ ಮಾರ್ಕರುಗಳನ್ನೇ. ಒಂದು ಕಡೆ ಅಷ್ಟು ಗಟ್ಟಿಯಾಗಿ ಮಾತನಾಡುವ ಗುರುತು ಇನ್ನೊಂದು ಕಡೆ ಏಕೆ ತಡವರಿಸುತ್ತದೆ ಎಂಬುದು ತಿಳಿಯಬೇಕಾದರೆ, ಗುರುತು ಎಂದರೇನು ಎಂಬಲ್ಲಿಂದಲೇ ಹೊರಡಬೇಕು.

ನಮ್ಮ ದೇಹದ ಬಹುತೇಕ ಪ್ರತಿ ಜೀವಕೋಶದಲ್ಲೂ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಒಂದು ಕಡೆಯಿಂದ ಬಂದ 23 ವರ್ಣತಂತುಗಳ ಡಿಎನ್‌ಎಯನ್ನು ಉದ್ದಕ್ಕೆ ಓದಿದರೆ ಸುಮಾರು 300 ಕೋಟಿ ಅಕ್ಷರಗಳಾಗುತ್ತವೆ. ಯಾವುದೇ ಇಬ್ಬರ ಬರಹವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸರಾಸರಿ ಸಾವಿರ ಅಕ್ಷರಕ್ಕೆ ಒಂದರಂತೆ ವ್ಯತ್ಯಾಸ ಕಾಣುತ್ತದೆ. ಇವುಗಳಲ್ಲಿ ಬಹುಪಾಲು ವ್ಯತ್ಯಾಸಗಳಿಂದ ಒಳಿತೂ ಇಲ್ಲ, ಕೆಡುಕೂ ಇಲ್ಲ. ಆದರೆ ಅವು ವರ್ಣತಂತುವಿನ ಮೇಲೆ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ, ಪ್ರಯೋಗಾಲಯದಲ್ಲಿ ಸುಲಭವಾಗಿ ಗುರುತಿಸಲು ಸಿಗುತ್ತವೆ, ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಇಳಿದುಬರುತ್ತವೆ. ಇಂಥ ನಿರಪಾಯಕಾರಿ ವ್ಯತ್ಯಾಸವೊಂದು ಕಾಯಿಲೆ ತರುವ ವಂಶವಾಹಿಯ ಪಕ್ಕದಲ್ಲೇ ಇದ್ದರೆ, ಕಾಯಿಲೆಯ ದೋಷ ಕಣ್ಣಿಗೆ ಬೀಳದಿದ್ದರೂ ಪಕ್ಕದ ಗುರುತನ್ನು ಹಿಂಬಾಲಿಸಿ, ದೋಷವಿರುವ ಎಳೆ ಯಾವ ಮಗುವಿಗೆ ಹೋಯಿತು ಎಂದು ತಿಳಿಯಬಹುದು.

ಇದನ್ನು ಮಲ್ಲಿಗೆ ದಂಡೆಯ ಮೂಲಕ ಯೋಚಿಸುವುದು ಸುಲಭ. ತಾಯಿಯ ಬಳಿ ಒಂದೇ ಉದ್ದದ ಎರಡು ದಂಡೆಗಳಿವೆ ಎಂದುಕೊಳ್ಳೋಣ. ಒಂದರಲ್ಲಿ ಎಲ್ಲೋ ಒಂದು ಮೊಗ್ಗು ಒಳಗೊಳಗೇ ಕೊಳೆತಿದೆ, ಹೊರಗಿನಿಂದ ತಿಳಿಯುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಒಂದು ಕನಕಾಂಬರ ಸೇರಿಕೊಂಡಿದೆ. ಮಗಳಿಗೆ ಕೊಡುವ ಮೊದಲು ತಾಯಿ ಎರಡು ದಂಡೆಗಳನ್ನೂ ಜೊತೆಗಿಟ್ಟು, ಒಂದೆರಡು ಕಡೆ ಒಂದೇ ಅಳತೆಯಲ್ಲಿ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಮತ್ತೆ ಕಟ್ಟಿ, ಒಂದನ್ನು ಮಾತ್ರ ಕೊಡುತ್ತಾಳೆ. ಕನಕಾಂಬರವೂ ಕೊಳೆತ ಮೊಗ್ಗೂ ಒತ್ತೊತ್ತಾಗಿದ್ದರೆ ಕತ್ತರಿ ಅವೆರಡರ ನಡುವೆಯೇ ಬೀಳುವ ಸಂಭವ ತೀರಾ ಕಡಿಮೆ. ಕನಕಾಂಬರ ಬಂದಿದ್ದರೆ ಕೊಳೆತ ಮೊಗ್ಗೂ ಬಂದಿದೆ ಎನ್ನಬಹುದು. ಎರಡೂ ದೂರದೂರ ಇದ್ದರೆ ಆ ಮಾತು ಹೇಳಲಾಗದು. ವರ್ಣತಂತುಗಳ ಈ ಅದಲುಬದಲಿಗೆ ಮರುಸಂಯೋಜನೆ ಎನ್ನುತ್ತಾರೆ. ಎರಡು ಜಾಗಗಳ ನಡುವೆ ನೂರು ಬಾರಿಗೆ ಒಂದು ಬಾರಿ ಇದು ನಡೆಯುವಷ್ಟು ದೂರವನ್ನು ಒಂದು ಸೆಂಟಿಮಾರ್ಗನ್ ಎಂದು ಅಳೆಯುತ್ತಾರೆ. ಮನುಷ್ಯರಲ್ಲಿ ಅದು ಸರಾಸರಿ ಹತ್ತು ಲಕ್ಷ ಅಕ್ಷರಗಳಷ್ಟು ಉದ್ದ.

ಈಗ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹೊಳೆನರಸೀಪುರದ ಕಡೆಯ ಒಂದು ಮನೆಯಲ್ಲಿ ಅಣ್ಣನಿಗೆ ಕುಸುಮ ರೋಗ, ಅಂದರೆ ಹಿಮೋಫೀಲಿಯಾ ಇದೆ; ಚಿಕ್ಕಂದಿನಿಂದ ಮೊಣಕಾಲಿನಲ್ಲಿ ರಕ್ತ ತುಂಬಿಕೊಂಡು ನರಳಿದ್ದಾನೆ. ತಂಗಿ ಆರೋಗ್ಯವಾಗಿದ್ದಾಳೆ, ಮದುವೆಯಾಗಿದೆ, ಈಗ ಮಗು ಬೇಕೆಂದಿದ್ದಾಳೆ. ಅವಳ ಪ್ರಶ್ನೆ ಒಂದೇ: ಅಣ್ಣನಿಗೆ ಬಂದದ್ದು ನನ್ನ ಮಗನಿಗೂ ಬರುತ್ತದೆಯೇ?

ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಂಶವನ್ನು, ಫ್ಯಾಕ್ಟರ್ 8 ಎಂದು ಆಸ್ಪತ್ರೆಗಳಲ್ಲಿ ಕರೆಯುವುದನ್ನು, ಮಾಡುವ ವಂಶವಾಹಿ ಎಕ್ಸ್ ವರ್ಣತಂತುವಿನ ತುದಿಯಲ್ಲಿದೆ. ಗಂಡಸಿಗೆ ಎಕ್ಸ್ ಒಂದೇ ಆದ್ದರಿಂದ ಅದರಲ್ಲಿ ದೋಷವಿದ್ದರೆ ಕಾಯಿಲೆ ಬರುತ್ತದೆ. ಹೆಂಗಸಿಗೆ ಎರಡು ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ, ಆಕೆ ವಾಹಕಿಯಾಗಿರುತ್ತಾಳೆ. ತಾಯಿ ವಾಹಕಿಯಾಗಿದ್ದರೆ ಮಗಳು ವಾಹಕಿಯಾಗುವ ಸಂಭವ ಅರ್ಧಕ್ಕರ್ಧ. ಫ್ಯಾಕ್ಟರ್ 8ರ ಮಟ್ಟ ಅಳೆದು ವಾಹಕಿಯನ್ನು ಗುರುತಿಸುವ ಪ್ರಯತ್ನ ಎಷ್ಟೋ ಸಲ ಕೈಕೊಡುತ್ತದೆ, ಏಕೆಂದರೆ ವಾಹಕಿಯ ಮಟ್ಟವೂ ಆರೋಗ್ಯವಂತೆಯ ಮಟ್ಟವೂ ಒಂದರ ಮೇಲೊಂದು ಬೀಳುತ್ತವೆ. ಗುರುತಿನ ಕೆಲಸ ಇಲ್ಲಿ ಶುರುವಾಗುತ್ತದೆ.

ಫ್ಯಾಕ್ಟರ್ 8ರ ವಂಶವಾಹಿಯೊಳಗೇ ಒಂದು ನಿರಪಾಯಕಾರಿ ವ್ಯತ್ಯಾಸವಿದೆ. ಪ್ರಯೋಗಾಲಯದಲ್ಲಿ ಡಿಎನ್‌ಎ ಕತ್ತರಿಸಲು ಬಳಸುವ ಬಿಸಿಎಲ್-1 ಎಂಬ ಕಿಣ್ವ ಕೆಲವರ ಎಕ್ಸ್ ಅನ್ನು ಆ ಜಾಗದಲ್ಲಿ ಕತ್ತರಿಸುತ್ತದೆ, ಕೆಲವರದ್ದನ್ನು ಕತ್ತರಿಸುವುದಿಲ್ಲ. ಕತ್ತರಿಸುವುದನ್ನು ಅಧಿಕ ಚಿಹ್ನೆಯಿಂದಲೂ ಕತ್ತರಿಸದಿರುವುದನ್ನು ಋಣ ಚಿಹ್ನೆಯಿಂದಲೂ ಗುರುತಿಸೋಣ. ಈ ಮನೆಯಲ್ಲಿ ತಂದೆಯ ಎಕ್ಸ್ ಅಧಿಕ. ತಾಯಿಗೆ ಒಂದು ಅಧಿಕ, ಒಂದು ಋಣ. ಕಾಯಿಲೆಯ ಅಣ್ಣನದು ಋಣ. ಅಣ್ಣನಿಗೆ ಎಕ್ಸ್ ಬಂದದ್ದು ತಾಯಿಯಿಂದಲೇ ಆದ್ದರಿಂದ, ಈ ಮನೆಯಲ್ಲಿ ದೋಷ ಋಣದ ಎಳೆಯ ಮೇಲೆ ಕುಳಿತಿದೆ ಎಂದಾಯಿತು. ತಂಗಿಗೆ ತಂದೆಯಿಂದ ಅಧಿಕ ಬಂದೇ ಬಂದಿದೆ. ಅವಳ ಇನ್ನೊಂದು ಎಕ್ಸ್ ಋಣವಾಗಿದ್ದರೆ ಅದು ತಾಯಿಯ ಅದೇ ಎಳೆ, ಅವಳು ವಾಹಕಿ. ಅದೂ ಅಧಿಕವಾಗಿದ್ದರೆ ತಾಯಿಯ ಒಳ್ಳೆಯ ಎಳೆ ಬಂದಿದೆ, ಅವಳು ವಾಹಕಿಯಲ್ಲ. ಗುರುತು ವಂಶವಾಹಿಯ ಒಳಗೇ ಇರುವುದರಿಂದ ನಡುವೆ ಮರುಸಂಯೋಜನೆಯ ಕತ್ತರಿ ಬೀಳುವ ಭಯ ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ಓದುಗರು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ನನ್ನ ಕೋರಿಕೆ, ಏಕೆಂದರೆ ಈ ವಿಷಯದಲ್ಲಿ ಬಹಳಷ್ಟು ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ಋಣ ಎಂಬ ಗುರುತು ಕಾಯಿಲೆಯಲ್ಲ. ಪಕ್ಕದ ಮನೆಯ ಹೆಂಗಸಿಗೂ ಋಣದ ಎಕ್ಸ್ ಇರಬಹುದು, ಅವಳಿಗೂ ಹಿಮೋಫೀಲಿಯಾಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಮುಂದಿನ ಬೀದಿಯ ಇನ್ನೊಂದು ಹಿಮೋಫೀಲಿಯಾ ಕುಟುಂಬದಲ್ಲಿ ದೋಷ ಅಧಿಕದ ಎಳೆಯ ಮೇಲೇ ಇಳಿಯುತ್ತಿರಬಹುದು. ಗುರುತಿಗೆ ಅರ್ಥ ಬರುವುದು ಒಂದು ಮನೆಯ ಒಳಗೆ, ಆ ಮನೆಯ ಕಾಯಿಲೆಯ ವ್ಯಕ್ತಿಯನ್ನೂ ಅವನ ತಂದೆತಾಯಿಯನ್ನೂ ಪಕ್ಕದಲ್ಲಿಟ್ಟು ನೋಡಿದಾಗ. ತಂಗಿ ಒಬ್ಬಳೇ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದರೆ ಪ್ರಯೋಗಾಲಯದ ಕೈಗೆ ಸಿಗುವುದು ಅಧಿಕ, ಋಣ ಎಂಬ ಎರಡು ಚಿಹ್ನೆಗಳು ಮಾತ್ರ; ಯಾವುದು ಅಪ್ಪನದು, ಯಾವುದು ಅಮ್ಮನದು, ಯಾವುದರ ಮೇಲೆ ದೋಷವಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಇನ್ನೂ ಎರಡು ಕಡೆ ಈ ಲೆಕ್ಕ ಎಡವುತ್ತದೆ. ತಾಯಿಯ ಎರಡೂ ಎಕ್ಸ್‌ಗಳು ಅಧಿಕವೇ ಆಗಿದ್ದರೆ ಎಳೆಗಳನ್ನು ಬೇರ್ಪಡಿಸಿ ಹೇಳಲಾಗದು. ಆಗ ಬೇರೆ ಗುರುತುಗಳನ್ನು ಹುಡುಕಬೇಕು. ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ಹಿಮೋಫೀಲಿಯಾದ ಸುಮಾರು ಮೂರನೆಯ ಒಂದು ಭಾಗದ ರೋಗಿಗಳ ಮನೆಯಲ್ಲಿ ಹಿಂದೆ ಯಾರಿಗೂ ಆ ಕಾಯಿಲೆ ಬಂದ ನೆನಪಿರುವುದಿಲ್ಲ, ಮತ್ತು ಅಂಥ ಕೆಲವು ಮನೆಗಳಲ್ಲಿ ದೋಷ ಆ ಮಗನಲ್ಲಿಯೇ ಹೊಸದಾಗಿ ಹುಟ್ಟಿರುತ್ತದೆ. ಹಾಗಿದ್ದಲ್ಲಿ ತಂಗಿಗೆ ಅಣ್ಣನ ಎಳೆಯೇ ಬಂದಿದ್ದರೂ ಅದರ ಮೇಲೆ ದೋಷ ಇಲ್ಲದಿರಬಹುದು. ಆದ್ದರಿಂದ ಇಂಥ ಮನೆಗಳಲ್ಲಿ "ಅಣ್ಣನ ಎಳೆ ಬಂದಿಲ್ಲ, ನೀನು ವಾಹಕಿಯಲ್ಲ" ಎಂಬ ಉತ್ತರಕ್ಕೆ ಇರುವ ಬಲ, "ಅಣ್ಣನ ಎಳೆ ಬಂದಿದೆ, ನೀನು ವಾಹಕಿ" ಎಂಬ ಉತ್ತರಕ್ಕೆ ಇಲ್ಲ. ಎರಡನೆಯ ಉತ್ತರ ಬಂದಾಗ ದೋಷವನ್ನೇ ನೇರವಾಗಿ ಹುಡುಕಬೇಕಾಗುತ್ತದೆ.

ನೇರವಾಗಿ ಹುಡುಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ತೀವ್ರ ಹಿಮೋಫೀಲಿಯಾ ಎ, ಅಂದರೆ ಫ್ಯಾಕ್ಟರ್ 8ರ ಕೊರತೆಯ ಬಗೆ, ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ವಂಶವಾಹಿಯ ಒಂದು ದೊಡ್ಡ ತುಂಡು ತಿರುಗುಮುರುಗಾಗಿ ಕೂತಿರುತ್ತದೆ ಎಂದು 1993ರಲ್ಲಿ ತಿಳಿದುಬಂತು. ಅದನ್ನು ಮೊದಲು ನೋಡುತ್ತಾರೆ, ಸಿಗದಿದ್ದರೆ ವಂಶವಾಹಿಯನ್ನು ಪೂರ್ತಿ ಓದುತ್ತಾರೆ. ಅಣ್ಣನಲ್ಲಿ ದೋಷ ಖಚಿತವಾಗಿ ಸಿಕ್ಕಿದರೆ ತಂಗಿಯಲ್ಲಿ ಅದೊಂದನ್ನೇ ನೋಡಿದರೆ ಸಾಕು. ಗಮನಿಸಿ, ಇಲ್ಲೂ ಮೊದಲು ಬೇಕಾದದ್ದು ಅಣ್ಣನ ರಕ್ತವೇ.

ವಂಶವಾಹಿಯ ಒಳಗೇ ಗುರುತು ಸಿಗದ ಕಾಯಿಲೆಗಳಲ್ಲಿ ಎರಡೂ ಬದಿಗೆ ಒಂದೊಂದು ಗುರುತನ್ನು ಹಿಡಿಯುತ್ತಾರೆ. ಒಂದೊಂದೂ ನೂರಕ್ಕೆ ಐದು ಬಾರಿ ಬೇರ್ಪಡುವಷ್ಟು ದೂರದಲ್ಲಿದ್ದರೆ, ಒಂದನ್ನೇ ನಂಬಿದಾಗ ನೂರಕ್ಕೆ ಐದು ತಪ್ಪು. ಎರಡೂ ಒಟ್ಟಿಗೆ ಇಳಿದುಬಂದಿದ್ದು, ಅವುಗಳ ನಡುವಿನ ವಂಶವಾಹಿ ಮಾತ್ರ ಬದಲಾಗಬೇಕಾದರೆ ಎರಡು ಬದಿಯಲ್ಲೂ ಕತ್ತರಿ ಬೀಳಬೇಕು. ಅದರ ಸಂಭವ ಸುಮಾರು ನಾನೂರಕ್ಕೆ ಒಂದು.

ಈ ಉಪಾಯದ ಇತಿಹಾಸ ದೊಡ್ಡದಲ್ಲ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುವೆಟ್ ವಾಯ್ ಕಾನ್ ಮತ್ತು ಆಂಡ್ರೀ ಡೋಝಿ ಕುಡಗೋಲು ಕಣ ರೋಗದಲ್ಲಿ, ಅಂದರೆ ಸಿಕಲ್ ಸೆಲ್ ಕಾಯಿಲೆಯಲ್ಲಿ ಇದನ್ನು ಮೊದಲು ತೋರಿಸಿದರು. ಎಚ್‌ಪಿಎ-1 ಎಂಬ ಕಿಣ್ವದಿಂದ ಡಿಎನ್‌ಎ ಕತ್ತರಿಸಿದಾಗ ಅಮೆರಿಕದ ಆಫ್ರಿಕನ್ ಮೂಲದವರಲ್ಲಿ ರೋಗದ ವಂಶವಾಹಿ ಹೆಚ್ಚಾಗಿ 13,000 ಅಕ್ಷರದ ಉದ್ದನೆಯ ತುಂಡಿನ ಜೊತೆಗೂ, ಆರೋಗ್ಯದ್ದು ಸಾಮಾನ್ಯವಾಗಿ 7,600 ಅಕ್ಷರದ ತುಂಡಿನ ಜೊತೆಗೂ ಕಂಡಿತು. ಎರಡು ವರ್ಷಗಳ ನಂತರ ಅವರೇ ಬೇರೆ ದೇಶಗಳ ಜನರನ್ನು ನೋಡಿದಾಗ, ಭಾರತದಲ್ಲಿ ಅದೇ ರೋಗದ ವಂಶವಾಹಿ 7,600ರ ತುಂಡಿನ ಜೊತೆಗಿತ್ತು. ಅಮೆರಿಕದ ಕೈಪಿಡಿಯನ್ನು ಹಾಗೆಯೇ ಇಲ್ಲಿಗೆ ತಂದಿದ್ದರೆ ರೋಗದ ಎಳೆಯನ್ನು ಆರೋಗ್ಯದ ಎಳೆ ಎಂದು ಓದಬೇಕಾಗುತ್ತಿತ್ತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಹೃದಯದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

1980ರಲ್ಲಿ ಡೇವಿಡ್ ಬಾಟ್‌ಸ್ಟೀನ್ ಮತ್ತು ಜೊತೆಗಾರರು ಇಂಥ ಗುರುತುಗಳನ್ನು ಎಲ್ಲ ವರ್ಣತಂತುಗಳ ಮೇಲೂ ಹುಡುಕಿ ನಕ್ಷೆ ಮಾಡಬಹುದೆಂದು ಸೂಚಿಸಿದರು. ಮೂರೇ ವರ್ಷದಲ್ಲಿ ಅದರ ಫಲ ಕಂಡಿತು. ನಡುವಯಸ್ಸಿನಲ್ಲಿ ಮೈಕೈ ಅಂಕೆ ತಪ್ಪಿ, ಬುದ್ಧಿ ಮಸುಕಾಗುವ ಹಂಟಿಂಗ್ಟನ್ ಕಾಯಿಲೆಗೆ ಸಂಬಂಧಿಸಿದ ಗುರುತನ್ನು ಜೇಮ್ಸ್ ಗುಸೆಲ್ಲಾ, ನ್ಯಾನ್ಸಿ ವೆಕ್ಸ್‌ಲರ್ ಮತ್ತು ಸಂಗಡಿಗರು 1983ರಲ್ಲಿ ನಾಲ್ಕನೆಯ ವರ್ಣತಂತುವಿನ ಮೇಲೆ ಪತ್ತೆ ಮಾಡಿದರು. ವೆನೆಜುವೆಲಾದ ಮರಕೈಬೊ ಸರೋವರದ ದಡದ ದೊಡ್ಡ ಕುಟುಂಬವೊಂದು ತನ್ನ ವಂಶವೃಕ್ಷವನ್ನೂ ರಕ್ತವನ್ನೂ ಕೊಟ್ಟದ್ದರಿಂದ ಅದು ಸಾಧ್ಯವಾಯಿತು. ವೆಕ್ಸ್‌ಲರ್ ಅವರ ತಾಯಿಯೂ ಅದೇ ಕಾಯಿಲೆಯಿಂದ ತೀರಿಕೊಂಡಿದ್ದರು. ದೋಷವಿರುವ ವಂಶವಾಹಿ ಸಿಗಲು ಮತ್ತೆ ಹತ್ತು ವರ್ಷ ಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಕುಟುಂಬಗಳಿಗೆ ಸಿಗುತ್ತಿದ್ದ ಮುನ್ಸೂಚನೆ ಪಕ್ಕದ ಗುರುತಿನದ್ದೇ.

ನಮ್ಮ ಸೀಮೆಯ ಕಾಫಿ ಬೆಳೆಗಾರರಿಗೆ ಇದು ಪೂರ್ತಿ ಅಪರಿಚಿತ ವಿಷಯವಲ್ಲ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಎಸ್. 795 ತಳಿಯಲ್ಲಿ, ಎಲೆ ತುಕ್ಕು ರೋಗವನ್ನು ತಡೆಯುವ ಎಸ್‌ಎಚ್-3 ಎಂಬ ವಂಶವಾಹಿ ಲೈಬೀರಿಕಾ ಕಾಫಿಯಿಂದ ಇಳಿದುಬಂದಿದೆ. ಆ ವಂಶವಾಹಿಯ ಪಕ್ಕದ ಡಿಎನ್‌ಎ ಗುರುತುಗಳು ಈಗ ಗೊತ್ತಿರುವುದರಿಂದ, ಗಿಡಕ್ಕೆ ತುಕ್ಕು ತಗಲುವವರೆಗೆ ಕಾಯದೆ ಸಸಿಯ ಎಲೆಯಿಂದಲೇ ಅದು ಬಂದಿದೆಯೋ ಇಲ್ಲವೋ ನೋಡಬಹುದು. ವಿಧಾನ ಒಂದೇ, ಉದ್ದೇಶ ಮಾತ್ರ ಬೇರೆ. ಸಸಿಮಡಿಯಲ್ಲಿ ಬೇಡದ್ದನ್ನು ಕಿತ್ತು ಎಸೆಯುತ್ತಾರೆ. ಮನುಷ್ಯರ ಮನೆಯಲ್ಲಿ ಗುರುತು ನೋಡುವುದು, ಇರುವ ಮನುಷ್ಯನಿಗೆ ಮುಂಚಿತವಾಗಿ ಏನು ಮಾಡಬಹುದೆಂದು ತಿಳಿಯಲಿಕ್ಕಾಗಿ.

ಕುಟುಂಬದ ಕಾಯಿಲೆ ಎಂದು ಗುರುತಿಸುವುದೇ ಎಷ್ಟು ಕಷ್ಟ ಎಂಬುದಕ್ಕೆ ಮಲೆನಾಡಿನಲ್ಲಿಯೇ ಒಂದು ನಿದರ್ಶನವಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಕಾರ ಕುಟುಂಬಗಳವರು ಸೊಂಟ, ಮೊಣಕಾಲುಗಳ ಕೀಲು ನೋವಿನಿಂದ ನಡೆಯಲಾಗದೆ ಕೂತುಬಿಡುತ್ತಿದ್ದುದು ಹೊರಜಗತ್ತಿನ ಗಮನಕ್ಕೆ ಬಂತು. ಕೆಲವು ಮನೆಗಳಲ್ಲಿ ಮಕ್ಕಳು ಗಿಡ್ಡವಾಗಿಯೇ ಉಳಿಯುತ್ತಿದ್ದರು. ಇದೇ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಕಂಡಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈಸೇರಿ ಹೀಗಾಗುತ್ತಿದೆ ಎಂಬ ಅನುಮಾನ ಮೊದಲು ಬಲವಾಗಿತ್ತು. ಒಂದೇ ಮನೆಯವರು ಒಂದೇ ಗದ್ದೆಯ ಏಡಿ ತಿನ್ನುವುದರಿಂದ ಆ ಅನುಮಾನ ಅಸಂಗತವೂ ಆಗಿರಲಿಲ್ಲ. ತಲೆಮಾರುಗಳ ವಂಶವೃಕ್ಷವನ್ನು ಬರೆದು ನೋಡಿದಾಗ ಬೇರೆ ಚಿತ್ರ ಎದ್ದಿತು: ಕಾಯಿಲೆಯಿದ್ದ ತಂದೆ ಅಥವಾ ತಾಯಿಯ ಮಕ್ಕಳಲ್ಲಿ, ಗಂಡು ಹೆಣ್ಣೆಂಬ ಭೇದವಿಲ್ಲದೆ, ತಲೆಮಾರು ಬಿಡದೆ ಅದು ಇಳಿಯುತ್ತಿತ್ತು. ಒಂದೇ ಪ್ರತಿ ಕೆಟ್ಟರೂ ಕಾಯಿಲೆ ತರುವ ಪ್ರಬಲ ವಂಶವಾಹಿಯ ನಡೆ ಇದು. ಒಂದೇ ಒಲೆಯ ಅನ್ನ ಉಂಡವರಿಗೆಲ್ಲ ಬರುವ ಕಾಯಿಲೆಯನ್ನೂ ಒಂದೇ ಎಳೆ ಹಂಚಿಕೊಂಡವರಿಗೆ ಬರುವ ಕಾಯಿಲೆಯನ್ನೂ ಬೇರ್ಪಡಿಸಲು ವಂಶವೃಕ್ಷಕ್ಕಿಂತ ಅಗ್ಗದ ಸಾಧನ ಇನ್ನೂ ಬಂದಿಲ್ಲ.

ವಂಶವೃಕ್ಷದ ಮಾತು ಬಂದಾಗ ನಮ್ಮ ಕಡೆಯ ಮದುವೆ ಸಂಬಂಧಗಳನ್ನು ಬಿಟ್ಟು ಮುಂದೆ ಹೋಗಲಾಗದು. ಹಾಸನ, ಚಿಕ್ಕಮಗಳೂರಿನ ಬಹಳಷ್ಟು ಸಮುದಾಯಗಳಲ್ಲಿ ಸಂಬಂಧ ಕುದುರಿಸುವಾಗ ಬೆಡಗು ಅಥವಾ ಗೋತ್ರ ನೋಡುತ್ತಾರೆ. ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ, ಮದುವೆ ಕೂಡದು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ಹಾಗೆಯೇ. ಆದರೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ನಡೆದುಬಂದಿದೆ, ಏಕೆಂದರೆ ಅವರ ಬೆಡಗು ಬೇರೆ. ಬೆಡಗು ತಂದೆಯ ಕಡೆಯ ಎಳೆಯೊಂದನ್ನೇ ಎಣಿಸುತ್ತದೆ. ಡಿಎನ್‌ಎ ಎರಡೂ ಕಡೆಯನ್ನು ಸಮವಾಗಿ ಎಣಿಸುತ್ತದೆ. ಚಿಕ್ಕಪ್ಪನ ಮಗಳ ಜೊತೆ ಹಂಚಿಕೊಂಡಿರುವ ವಂಶವಾಹಿಗಳ ಪಾಲೂ ಸೋದರಮಾವನ ಮಗಳ ಜೊತೆಗಿನ ಪಾಲೂ ಸರಾಸರಿ ಒಂದೇ, ಎಂಟರಲ್ಲೊಂದು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಅದು ನಾಲ್ಕರಲ್ಲೊಂದು.

ಇದರ ಪರಿಣಾಮ ಕಾಣುವುದು ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ಕಾಯಿಲೆಗಳಲ್ಲಿ. ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಬೀಟಾ ಥಲಸ್ಸೀಮಿಯಾ ಅಂಥದ್ದು. ಹುಟ್ಟಿನಿಂದ ಬರುವ ಕೆಲವು ಬಗೆಯ ಕಿವುಡು, ಮಗುವಿನ ಚಯಾಪಚಯದ ಹಲವು ದೋಷಗಳೂ ಅಂಥವೇ. ಅಜ್ಜ ಇಂಥ ಒಂದು ದೋಷದ ವಾಹಕನಾಗಿದ್ದನೆನ್ನಿ. ಆತನ ಯಾವುದೇ ಮೊಮ್ಮಗುವಿಗೆ ಅದು ಇಳಿದಿರುವ ಸಂಭವ ನಾಲ್ಕಕ್ಕೆ ಒಂದು. ಆತನ ಮಗನ ಮಗಳಿಗೂ ಮಗಳ ಮಗನಿಗೂ ಮದುವೆಯಾದರೆ, ಇಬ್ಬರೂ ವಾಹಕರಾಗಿರುವ ಸಂಭವ ಹದಿನಾರಕ್ಕೆ ಒಂದು, ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಂಭವ ಅರವತ್ತನಾಲ್ಕಕ್ಕೆ ಒಂದು. ಆತನ ಮಗ ತನ್ನ ಅಕ್ಕನ ಮಗಳನ್ನೇ ಮದುವೆಯಾದರೆ ಅದು ಮೂವತ್ತೆರಡಕ್ಕೆ ಒಂದು. ಅದೇ ಮೊಮ್ಮಗ ರಕ್ತಸಂಬಂಧವಿಲ್ಲದ ಹೆಣ್ಣನ್ನು ಮದುವೆಯಾಗಿ, ಆ ದೋಷ ಊರಿನಲ್ಲಿ ನೂರಕ್ಕೊಬ್ಬರಲ್ಲಿ ಇದ್ದರೆ, ಮಗುವಿನ ಅಪಾಯ 1,600ಕ್ಕೆ ಒಂದು. ಮನೆಯಲ್ಲಿ ದೋಷವಿದೆ ಎಂದು ತಿಳಿದಿರುವಾಗಿನ ಲೆಕ್ಕ ಇದು ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಯಾವ ಕಾಯಿಲೆಯೂ ಕಾಣದಿದ್ದಾಗ ಚಿತ್ರ ಇಷ್ಟು ಕಠೋರವಲ್ಲ. ಹುಟ್ಟುವ ಯಾವುದೇ ಮಗುವಿಗೆ ಗಂಭೀರ ಜನ್ಮದೋಷ ಇರುವ ಸಂಭವ ನೂರಕ್ಕೆ ಎರಡು ಮೂರು. ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದರ ಮೇಲೆ ಇನ್ನೂ ಎರಡು ಮೂರು ಸೇರುತ್ತದೆ. ಅಂದರೆ ಇಂಥ ದಂಪತಿಗಳ ನೂರು ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸೋದರಮಾವನನ್ನು ಮದುವೆಯಾದ ಹೆಣ್ಣುಮಗಳ ಮಗುವಿಗೆ ಏನೋ ಆಯಿತೆಂದರೆ ನೆರೆಹೊರೆಯವರು ಅವಳನ್ನೇ ಹಳಿಯುವುದನ್ನು ನಾನು ಕಂಡಿದ್ದೇನೆ. ಆ ಮದುವೆಯನ್ನು ನಿಶ್ಚಯಿಸಿದವಳು ಅವಳಲ್ಲ, ದೋಷವನ್ನು ತಂದವಳು ಅವಳೊಬ್ಬಳೇ ಅಲ್ಲ. ಅಂಥ ದಂಪತಿಗಳಿಗೆ ಬೇಕಾದದ್ದು ಮುಂದಿನ ಬಸಿರಿಗೆ ಮೊದಲು ಒಂದು ಸರಿಯಾದ ಪರೀಕ್ಷೆ. ಥಲಸ್ಸೀಮಿಯಾ ವಾಹಕರನ್ನು ಗುರುತಿಸಲು ಡಿಎನ್‌ಎ ಓದುವುದೂ ಬೇಡ. ಹಿಮೋಗ್ಲೋಬಿನ್ ಎ-2 ಅಂಶ ನೂರಕ್ಕೆ ಮೂರೂವರೆಗಿಂತ ಹೆಚ್ಚಿದೆಯೇ ಎಂದು ನೋಡುವ ಸಾಧಾರಣ ರಕ್ತ ಪರೀಕ್ಷೆ ಬಹುತೇಕ ಸಾಕು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಡಿಎನ್‌ಎ ದೋಷ ಯಾವುದೆಂದು ಹುಡುಕುತ್ತಾರೆ.

ಈಗ ಹೃದಯದ ಪ್ರಶ್ನೆಗೆ ಬರೋಣ. ಇದುವರೆಗೆ ನೋಡಿದ್ದೆಲ್ಲ ಒಂದೇ ವಂಶವಾಹಿಯ ದೋಷದಿಂದ ಬರುವ ಕಾಯಿಲೆಗಳು. ಸಾಮಾನ್ಯ ಹೃದಯಾಘಾತ ಹಾಗಲ್ಲ. ಅದಕ್ಕೆ ಸಂಬಂಧಿಸಿದ ನೂರಾರು ಗುರುತುಗಳು ಸಿಕ್ಕಿವೆ; ಒಂದೊಂದರ ಪ್ರಭಾವವೂ ಸಣ್ಣದು. 2007ರಲ್ಲಿ ಒಂಬತ್ತನೆಯ ವರ್ಣತಂತುವಿನ ಮೇಲೆ ಸಿಕ್ಕ ಪ್ರಸಿದ್ಧ ಗುರುತು ಕೂಡ ಅಪಾಯವನ್ನು ನಾಲ್ಕನೆಯ ಒಂದು ಭಾಗದಷ್ಟೇ ಏರಿಸುತ್ತದೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮುಂದೆ ಅದು ಚಿಕ್ಕದು. ಈ ಗುರುತುಗಳನ್ನೆಲ್ಲ ಕೂಡಿಸಿ ಒಂದು ಅಂಕ ಕೊಡುವ ಪರೀಕ್ಷೆಗಳು ಈಗ ಮಾರಾಟಕ್ಕಿವೆ. ಅವುಗಳ ಲೆಕ್ಕ ಹೆಚ್ಚಾಗಿ ಯುರೋಪಿನ ಮೂಲದ ಜನರ ಮೇಲೆ ಕಟ್ಟಿದ್ದು. ಕುಡಗೋಲು ಕಣದ ಗುರುತು ಅಮೆರಿಕದಲ್ಲಿ ಒಂದು ತುಂಡಿನ ಜೊತೆ, ಭಾರತದಲ್ಲಿ ಇನ್ನೊಂದರ ಜೊತೆ ಇದ್ದಂತೆ, ಅಲ್ಲಿ ದೋಷದ ಪಕ್ಕದಲ್ಲಿರುವ ಗುರುತು ನಮ್ಮಲ್ಲಿಯೂ ಪಕ್ಕದಲ್ಲೇ ಇರಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ ಸುಮಾರು ಹತ್ತು ಸಾವಿರ ಭಾರತೀಯರ ಡಿಎನ್‌ಎ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟದ್ದಕ್ಕೆ ಈ ಕಾರಣಕ್ಕಾಗಿಯೇ ನಾನು ಬಹಳ ಬೆಲೆ ಕೊಡುತ್ತೇನೆ.

ಗುರುತನ್ನೇ ಕಾರಣವೆಂದು ತಿಳಿಯುವ ತಪ್ಪು ತಜ್ಞರಿಂದಲೂ ಆಗಬಹುದು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಭಾರತ ಉಪಖಂಡದವರಲ್ಲಿ ನೂರಕ್ಕೆ ನಾಲ್ವರಲ್ಲಿ ಇದೆಯೆಂದೂ, ಅದು ಹೃದಯ ಸ್ನಾಯುವಿನ ಕಾಯಿಲೆಯ ಅಪಾಯ ಏರಿಸುತ್ತದೆಂದೂ 2009ರಲ್ಲಿ ಪ್ರಕಟವಾಯಿತು. ಆ 25 ಅಕ್ಷರ ಬಿಟ್ಟುಹೋದವರಲ್ಲಿ ಕೆಲವರಿಗೆ ಮಾತ್ರ ಅದೇ ಎಳೆಯ ಮೇಲೆ ಇನ್ನೊಂದು ಸಣ್ಣ ಬದಲಾವಣೆ ಇದೆಯೆಂದೂ, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯ ಅಪಾಯ ಅದರಿಂದಲೇ ಬಂದದ್ದೆಂದೂ 2020ರ ಅಧ್ಯಯನವೊಂದು ತೋರಿಸಿತು. ಕನಕಾಂಬರ ಕಂಡವರೆಲ್ಲರ ದಂಡೆಯಲ್ಲೂ ಕೊಳೆತ ಮೊಗ್ಗು ಇರಲಿಲ್ಲ.

ಹಾಗಾದರೆ ನಲವತ್ತೈದಕ್ಕೇ ತಂದೆಯನ್ನು ಕಳೆದುಕೊಂಡ ಮಗನಿಗೆ ಹೇಳುವುದೇನೂ ಇಲ್ಲವೇ? ಇದೆ. ಕೆಲವು ಮನೆಗಳಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಹಿಂದೆ ಒಂದೇ ವಂಶವಾಹಿಯ ದೋಷ ಇರುತ್ತದೆ. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುವ, ಜೀವಕೋಶದ ಮೇಲಿನ ಗ್ರಾಹಕ (ರಿಸೆಪ್ಟರ್) ಕೆಲಸ ಮಾಡದೆ, ಹುಟ್ಟಿನಿಂದಲೇ ಅದು ಏರಿರುತ್ತದೆ. ಕೌಟುಂಬಿಕ ಅಧಿಕ ಕೊಲೆಸ್ಟ್ರಾಲ್ ಎಂಬ ಈ ಸ್ಥಿತಿ ಜಗತ್ತಿನಲ್ಲಿ 250ರಿಂದ 300 ಜನಕ್ಕೆ ಒಬ್ಬರಲ್ಲಿದೆ. ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಕೊಲೆಸ್ಟ್ರಾಲ್ ಸಂಶೋಧನೆಗಾಗಿ 1985ರಲ್ಲಿ ನೊಬೆಲ್ ಪಡೆದರು. ಆ ಗ್ರಾಹಕದ ಪತ್ತೆಯೇ ಅದರ ತಿರುಳು. ಇದು ಪ್ರಬಲ ದೋಷವಾದ್ದರಿಂದ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಮನೆಯಲ್ಲಿ ಒಬ್ಬರಲ್ಲಿ ಸಿಕ್ಕರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರನ್ನೂ ನೋಡಬೇಕು. ಮೊದಲ ಹೆಜ್ಜೆಗೆ ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೂ ಸಿಗುವ ಕೊಲೆಸ್ಟ್ರಾಲ್ ಪರೀಕ್ಷೆ ಸಾಕು, ಮತ್ತು ಚಿಕಿತ್ಸೆಗೆ ಹಳೆಯ, ಅಗ್ಗದ ಸ್ಟ್ಯಾಟಿನ್ ಮಾತ್ರೆಗಳಿವೆ. ಮಾರಾಟಕ್ಕಿರುವ ದುಬಾರಿ ಅಂಕಗಳಿಗಿಂತ ಹಾಸನದ ಮನೆಗಳಿಗೆ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮದ್ದಿಲ್ಲದ ಕಾಯಿಲೆಯ ಮುನ್ಸೂಚನೆಯನ್ನು ತಿಳಿಯಲೇಬೇಕೆಂದು ಯಾರನ್ನೂ ಒತ್ತಾಯಿಸಬಾರದು. ಹಂಟಿಂಗ್ಟನ್ ಕಾಯಿಲೆಯಲ್ಲಿ 18 ವರ್ಷ ತುಂಬದ ಮಕ್ಕಳಿಗೆ ಲಕ್ಷಣವಿಲ್ಲದೆ ಪರೀಕ್ಷೆ ಮಾಡುವುದಿಲ್ಲ. ವಯಸ್ಕರಿಗೂ ಆಪ್ತ ಸಮಾಲೋಚನೆಯ ನಂತರವೇ ಮಾಡುತ್ತಾರೆ, ಫಲಿತಾಂಶ ಕೇಳದೆ ಹಿಂತಿರುಗುವ ಹಕ್ಕೂ ಅವರಿಗಿದೆ. ಬಸಿರಿನಲ್ಲಿ ಮಾಡುವ ಪರೀಕ್ಷೆ 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾನೂನಿನಡಿ ನೋಂದಾಯಿತ ಕೇಂದ್ರದಲ್ಲೇ, ತಾಯಿಯ ಲಿಖಿತ ಒಪ್ಪಿಗೆಯೊಂದಿಗೇ ನಡೆಯಬೇಕು. ಹಿಮೋಫೀಲಿಯಾದಂತಹ ಎಕ್ಸ್ ಸಂಬಂಧಿ ಕಾಯಿಲೆಗಳಿಗೆ ಕಾನೂನು ಅವಕಾಶ ಕೊಡುತ್ತದೆ, ಆದರೆ ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು ಅಪರಾಧ. ವಿಮೆಯ ವಿಷಯದಲ್ಲಿ, ವಂಶವಾಹಿಯ ಕಾರಣವೊಂದನ್ನೇ ಹಿಡಿದು ವಿಸ್ತಾರವಾಗಿ ಹೊರಗಿಡುವುದು ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ.

ಸಮಾಲೋಚನೆಗೆ ಹೊರಡುವ ಮನೆಯವರು ಮೊದಲು ಅಜ್ಜಿಯ ಪಕ್ಕದಲ್ಲಿ ಕೂತು ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು. ತೀರಿಕೊಂಡವರು ಎಷ್ಟನೆಯ ವಯಸ್ಸಿನಲ್ಲಿ, ಯಾವುದರಿಂದ ಎಂಬುದನ್ನೂ, ಕಳೆದುಹೋದ ಬಸಿರುಗಳನ್ನೂ, ಹುಟ್ಟಿ ಕೆಲವೇ ದಿನ ಬದುಕಿದ ಹಸುಗೂಸುಗಳನ್ನೂ, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಆದಂಥ ಮದುವೆಗಳನ್ನೂ ಬಿಡದೆ ಬರೆಯಬೇಕು. ದತ್ತು ಬಂದವರಿದ್ದರೆ ವೈದ್ಯರಿಗೆ ಮಾತ್ರವಾದರೂ ತಿಳಿಸಬೇಕು, ಇಲ್ಲದಿದ್ದರೆ ಎಳೆಯ ಲೆಕ್ಕವೇ ತಪ್ಪುತ್ತದೆ. ಕಾಯಿಲೆಯ ವ್ಯಕ್ತಿ ಬದುಕಿರುವಾಗಲೇ ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ ಕೆಲವು ಮಿಲಿಲೀಟರ್ ರಕ್ತ ಕೊಟ್ಟು, ಡಿಎನ್‌ಎ ತೆಗೆದು ಕಾದಿಡುವ ವ್ಯವಸ್ಥೆಯಿರುವ ವಂಶವಾಹಿ ವಿಭಾಗದಲ್ಲಿ ಅದನ್ನು ಇರಿಸುವುದು ಸಾಧ್ಯವಿದೆ. ಹೊಳೆನರಸೀಪುರದ ಆ ಅಣ್ಣನ ರಕ್ತ ಹಾಗೆ ಉಳಿದಿದ್ದರೆ, ಅವನ ತಂಗಿಗೆ ಮಾತ್ರವಲ್ಲ, ಇಪ್ಪತ್ತೈದು ವರ್ಷಗಳ ನಂತರ ಅವನದೇ ಮಗಳು ತನ್ನ ಬಸಿರಿನ ದಿನಗಳಲ್ಲಿ ಇದೇ ಪ್ರಶ್ನೆ ಹಿಡಿದು ಬಂದಾಗ, ಅವಳ ಎಳೆಯನ್ನು ಹೋಲಿಸಿ ನೋಡಲು ಅದು ಸಿಗುತ್ತದೆ.